ಐಕಾನ್ ಮಾಯ ಆಯ್ತಾ? ಫಾರ್ಮ್ಯಾಟ್ ಮಾಡಿಸೋಕೆ ಓಡಬೇಡಿ

ಮಂಡ್ಯದ ಸುಭಾಷ್ ನಗರದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಬೇಸಿಗೆ ರಜೆ ಶುರುವಾದರೆ ಸಾಕು, ಇಂಥ ಫೋನುಗಳು ಜಾಸ್ತಿ: "ನೋಡಪ್ಪ, ಮೊಮ್ಮಗ ಏನೋ ಒತ್ತವ್ನೆ, ಸ್ಕ್ರೀನ್ ಮೇಲೆ ಒಂದೂ ಇಲ್ವಲ್ಲ!" ಗಾಬರಿ ಬೇಡ. ಐಕಾನ್ ಕಾಣಿಸದಿದ್ದರೆ ಫೈಲ್ ಹೋಯ್ತು ಅಂತಲ್ಲ.

ಸ್ಕ್ರೀನ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ. ವ್ಯೂ ಅಂತ ಇರುತ್ತದೆ, ಅದರೊಳಗೆ 'ಶೋ ಡೆಸ್ಕ್‌ಟಾಪ್ ಐಕಾನ್ಸ್'. ಅದರ ಮುಂದೆ ಟಿಕ್ ಇಲ್ಲದಿದ್ದರೆ ಹಾಕಿ. ಅಷ್ಟೇ. ಇದಕ್ಕೆ ದುಡ್ಡು ತಗೊಳ್ಳೋಕೆ ನನಗೇ ನಾಚಿಕೆ. ಐಕಾನ್‌ಗಳು ಇದ್ದಕ್ಕಿದ್ದಂತೆ ದಪ್ಪ ಆಗಿದ್ದರೆ ಕಂಟ್ರೋಲ್ ಕೀ ಒತ್ತಿಕೊಂಡು ಮೌಸ್‌ನ ಚಕ್ರ ಹಿಂದಕ್ಕೆ ತಿರುಗಿಸಿ. ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ಹೋಗಿ ಕೂರುತ್ತಿದ್ದರೆ ಅದೇ ವ್ಯೂನಲ್ಲಿ 'ಆಟೋ ಅರೇಂಜ್' ಟಿಕ್ ತೆಗೆಯಿರಿ.

ಟಿಕ್ ಇದ್ದೂ ನಿಮ್ಮ ಫೈಲ್‌ಗಳು ಕಾಣದಿದ್ದರೆ ಒನ್‌ಡ್ರೈವ್ (ಫೈಲ್‌ಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್ ಸೇವೆ) ಮೇಲೆ ನನಗೆ ಅನುಮಾನ. ಬ್ಯಾಕಪ್ ಮಾಡಲಾ ಅಂತ ಅದು ಕೇಳಿದಾಗ ಓದದೆ ಎಸ್ ಅಂದಿರುತ್ತೀರಿ, ಅಲ್ವಾ? ಆಗ ಡೆಸ್ಕ್‌ಟಾಪ್ ಫೋಲ್ಡರೇ ಅದರೊಳಗೆ ಸೇರಿಕೊಳ್ಳುತ್ತದೆ. ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು, ಒನ್‌ಡ್ರೈವ್, ಡೆಸ್ಕ್‌ಟಾಪ್: ಈ ದಾರಿಯಲ್ಲಿ ಹೋಗಿ ನೋಡಿ.

ಐಕಾನ್‌ಗಳೆಲ್ಲ ಬಿಳಿ ಹಾಳೆ ಥರ ಆಗಿದ್ದರೆ, ಇಲ್ಲವೇ ಕಪ್ಪು ಸ್ಕ್ರೀನ್ ಮೇಲೆ ಬರೀ ಮೌಸ್ ಬಾಣ ಓಡಾಡುತ್ತಿದ್ದರೆ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪಟ್ಟಿಯಲ್ಲಿ 'ವಿಂಡೋಸ್ ಎಕ್ಸ್‌ಪ್ಲೋರರ್' ಹುಡುಕಿ, ರೈಟ್ ಕ್ಲಿಕ್ ಮಾಡಿ, ರೀಸ್ಟಾರ್ಟ್ ಕೊಡಿ. ಟಾಸ್ಕ್‌ಬಾರ್ ಒಂದು ಗಳಿಗೆ ಮಾಯವಾಗಿ ವಾಪಸ್ ಬರುತ್ತದೆ, ಹೆದರಬೇಡಿ. ಒಂದೇ ಒಂದು ಐಕಾನ್ ಬಿಳಿ ಆಗಿದ್ದರೆ ಬಹುಶಃ ಆ ಪ್ರೋಗ್ರಾಂ ಅನ್ನೇ ಯಾರೋ ತೆಗೆದುಹಾಕಿದ್ದಾರೆ.

ಅಕ್ಷರ, ಮುಖ ಎಲ್ಲಾ ಅಗಲಕ್ಕೆ ಎಳೆದ ಹಾಗಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ, ರೆಸಲ್ಯೂಷನ್‌ನಲ್ಲಿ 'ರೆಕಮೆಂಡೆಡ್' ಅಂತ ಇರುವುದನ್ನೇ ಆರಿಸಿ. ಅಕ್ಷರ ಸಣ್ಣದಾಯ್ತು ಅಂತ ರೆಸಲ್ಯೂಷನ್ ಇಳಿಸಬೇಡಿ, ಸ್ಕೇಲ್ ಅನ್ನು 125ಕ್ಕೆ ಏರಿಸಿ. ಸ್ಕ್ರೀನ್ ತಲೆಕೆಳಗಾಗಿದ್ದರೂ ಮದ್ದು ಅಲ್ಲೇ ಇದೆ: ಓರಿಯೆಂಟೇಷನ್‌ನಲ್ಲಿ ಲ್ಯಾಂಡ್‌ಸ್ಕೇಪ್. ಸರಿಯಾದ ರೆಸಲ್ಯೂಷನ್ ಪಟ್ಟಿಯಲ್ಲೇ ಇಲ್ಲ ಅಂದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ನೋಡಿ. 'ಮೈಕ್ರೋಸಾಫ್ಟ್ ಬೇಸಿಕ್' ಅಂತ ಇದ್ದರೆ ಗ್ರಾಫಿಕ್ಸ್ ಡ್ರೈವರ್, ಅಂದರೆ ಸ್ಕ್ರೀನ್‌ಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್, ಇಲ್ಲ ಅಂತ ಅರ್ಥ. ಅದನ್ನು ಹಾಕಬೇಕು.

ಇನ್ನು ಬಣ್ಣ. ಸ್ಕ್ರೀನ್ ಹಳದಿಯಾಗಿಯೋ ಗುಲಾಬಿಯಾಗಿಯೋ ಕಂಡರೆ ಮೊದಲು ಹಿಂದೆ ಬಗ್ಗಿ ಮಾನಿಟರ್‌ನಿಂದ ಸಿಪಿಯುಗೆ ಹೋಗುವ ವಿಜಿಎ ಕೇಬಲ್ ನೋಡಿ. ನೀಲಿ ಮೂತಿಯದು, ಎರಡು ಕಡೆ ಸ್ಕ್ರೂ. ನೀಲಿ ಬಣ್ಣ ಸಾಗಿಸುವ ಪಿನ್ ತಾಗದಿದ್ದರೆ ಸ್ಕ್ರೀನ್ ಹಳದಿ, ಹಸಿರು ಬಣ್ಣದ್ದು ತಾಗದಿದ್ದರೆ ಗುಲಾಬಿ. ಗುಡಿಸುವಾಗ ಪೊರಕೆ ತಗುಲಿದರೂ ಸಾಕು, ಸ್ಕ್ರೂ ಬಿಗಿ ಇಲ್ಲದ ಕೇಬಲ್ ಸಡಿಲ ಆಗುತ್ತದೆ. ಸಿಸ್ಟಮ್ ಆಫ್ ಮಾಡಿ, ಕೇಬಲ್ ಕಳಚಿ, ಬೆಳಕಿಗೆ ಹಿಡಿಯಿರಿ. ಮೂರು ಸಾಲಿನಲ್ಲಿ ಪಿನ್‌ಗಳಿರುತ್ತವೆ. ಎಷ್ಟೋ ಕೇಬಲ್‌ಗಳಲ್ಲಿ ನಡುವಿನ ಸಾಲಿನ 9ನೇ ಪಿನ್ ಮೊದಲಿನಿಂದಲೇ ಇರುವುದಿಲ್ಲ, ಮುರಿದಿದೆ ಅಂದುಕೊಳ್ಳಬೇಡಿ. ಬಾಗಿದ ಪಿನ್ ಇದ್ದರೆ ಸೀಸದ ಕಡ್ಡಿ ತೆಗೆದ ಪೆನ್ ಪೆನ್ಸಿಲ್‌ನ ತುದಿಯನ್ನು ಅದಕ್ಕೆ ತೊಡಿಸಿ ಮೆಲ್ಲಗೆ ನೆಟ್ಟಗೆ ಮಾಡಿ. ಇಕ್ಕಳ ಬೇಡ, ಮುರಿಯುತ್ತದೆ.

ಗೆರೆಗಳು ಬರುತ್ತಿದ್ದರೆ ಮಾನಿಟರ್ ಆನ್ ಇರಲಿ, ಕೇಬಲ್ ಮಾತ್ರ ಕಳಚಿ. 'ನೋ ಸಿಗ್ನಲ್' ಅಂತ ತೋರಿಸುವಾಗಲೂ ಗೆರೆ ಇದ್ದರೆ ತೊಂದರೆ ಮಾನಿಟರ್‌ನದೇ. ಸುಮ್ನೆ ಸಿಪಿಯು ಹೊತ್ತುಕೊಂಡು ಬರಬೇಡಿ, ಮಾನಿಟರ್ ಮತ್ತು ಅದರ ಪವರ್ ವೈರ್ ತನ್ನಿ.