ಶಾಲೆ ಸುರಕ್ಷತೆ: ಮಕ್ಕಳ ಜೊತೆ ಸುತ್ತಿ ನೋಡಿದ್ದು

ಚಿತ್ತಾಪುರ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಾನು ಮುಖ್ಯಶಿಕ್ಷಕಿ. ಸುರಕ್ಷತೆಯ ಯೋಜನೆಯನ್ನು ಆಫೀಸಿನಲ್ಲಿ ಕೂತು ಬರೆಯಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಆರು, ಏಳನೇ ತರಗತಿ ಮಕ್ಕಳ ಜೊತೆ ಇಡೀ ಆವರಣ ಸುತ್ತಿದೆವು. "ಎಲ್ಲಿ ಅಂಜಿಕಿ ಆಗ್ತದ, ಅಲ್ಲಿ ನಿಲ್ರಿ" ಅಂದೆ.

ಹಳೇ ಕೋಣೆಗಳದ್ದು ಶಹಾಬಾದ್ ಪರಸಿಯ ಚಾವಣಿ. ಒಂದು ಕಲ್ಲು ಬಿರುಕು ಬಿಟ್ಟಿದ್ದನ್ನು ಹುಡುಗರು ತೋರಿಸಿದರು. ಆ ಕೋಣೆಗೆ ಅವತ್ತೇ ಬೀಗ ಹಾಕಿ, ಎಂಜಿನಿಯರ್‌ಗೆ ಪತ್ರ ಬರೆದೆವು. ಹಿಂದೆ ಒಟ್ಟಿದ್ದ ಪರಸಿ ತುಂಡುಗಳ ಸಂದಿಯಲ್ಲಿ ಚೇಳು ಸೇರುತ್ತವೆ. ಶಾಲೆಯ ಉಸ್ತುವಾರಿಗಿರುವ ಪಾಲಕರ ಸಮಿತಿ, ಅಂದರೆ ಎಸ್‌ಡಿಎಂಸಿಯವರು ಟ್ರ್ಯಾಕ್ಟರ್ ತಂದು ಅದನ್ನೆಲ್ಲ ಸಾಗಿಸಿದರು.

ಹುಡುಗಿಯರು ಮಾತ್ರ ಎಲ್ಲೂ ನಿಲ್ಲಲಿಲ್ಲ. ಆಮೇಲೆ ಒಬ್ಬಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಟೀಚರ್, ಸಂಡಾಸದ ಕೊಂಡಿ ಬೀಳಂಗಿಲ್ರಿ. ಅದಕ್ಕ ಮುಂಜಾನಿಂದ ನೀರೇ ಕುಡ್ಯಂಗಿಲ್ರಿ."

ನಮ್ಮ ಕಡೆ ಬಿಸಿಲು ಎಂಥದ್ದು ಗೊತ್ತಲ್ವಾ? ಪ್ರಾರ್ಥನೆ ಹೊತ್ತಿಗೆ ತಲೆಸುತ್ತು ಬಂದು ಕೂರುತ್ತಿದ್ದ ಮಕ್ಕಳಿಗೆ ನಾವು ಉಪವಾಸ ಬಂದಿದ್ದಾರೆ ಅಂದುಕೊಂಡು ಬಿಸ್ಕೀಟ್ ಕೊಡುತ್ತಿದ್ದೆವು. ಮರುದಿನವೇ ಹೊಸ ಕೊಂಡಿ ಹಾಕಿಸಿದೆ, ಒಂದನೇ ತರಗತಿ ಮಗುವಿನ ಕೈಗೂ ಸಿಗುವಷ್ಟು ಕೆಳಗೆ. ಒಳಗೆ ಬಕೆಟ್, ಮಗ್ಗು, ನೀರು. ಆಮೇಲೆ ನೀರು ಕುಡಿಯಲಿಕ್ಕೇ ಬೇರೆ ಗಂಟೆ ಬಾರಿಸಲು ಶುರುಮಾಡಿದೆವು. ಕೊಂಡಿ ಸರಿ ಇಲ್ಲದೆ ಗಂಟೆ ಹೊಡೆದಿದ್ದರೆ ಹುಡುಗಿಯರು ಕುಡಿಯುತ್ತಲೇ ಇರಲಿಲ್ಲ.

ರಿಪೇರಿಯಾದದ್ದು ಮತ್ತೆ ಕೆಡುತ್ತದೆ. ಅದಕ್ಕೇ ಸೋಮವಾರ ಬೆಳಿಗ್ಗೆ ಒಬ್ಬ ಶಿಕ್ಷಕರು, ಇಬ್ಬರು ಮಕ್ಕಳು ಒಂದು ಸುತ್ತು ಹಾಕುತ್ತಾರೆ. ಕೊಂಡಿ, ಸ್ವಿಚ್ ಬೋರ್ಡು, ಚಾವಣಿ, ಬಿಸಿಯೂಟದ ಕೋಣೆಯ ಗ್ಯಾಸ್ ಪೈಪು. 2004ರಲ್ಲಿ ಕುಂಭಕೋಣಂನ ಶಾಲೆಯಲ್ಲಿ ಅಡುಗೆ ಕೋಣೆಯ ಬೆಂಕಿ ಹಬ್ಬಿ 94 ಮಕ್ಕಳು ಸತ್ತರು. ಅಡುಗೆಯವರಿಗೆ ಇದನ್ನು ಕೂರಿಸಿ ಹೇಳಿದ್ದೇನೆ. ಕಂಡದ್ದು, ಮಾಡಬೇಕಾದವರು, ಆದ ದಿನ, ಇಷ್ಟೇ ವಹಿಯಲ್ಲಿ ಬರೆಯುವುದು. ಕೊನೆಯ ಕಾಲಂ ಖಾಲಿ ಇದ್ದದ್ದನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದುತ್ತೇವೆ.

ದೂರು ಪೆಟ್ಟಿಗೆಯ ಕೀಲಿ ನನ್ನೊಬ್ಬಳ ಹತ್ತಿರ ಇರಬಾರದು. ನನ್ನ ಮೇಲೂ ದೂರು ಬರಬಹುದಲ್ವಾ? ಎಸ್‌ಡಿಎಂಸಿಯ ಒಬ್ಬ ತಾಯಿಯ ಎದುರಿಗೇ ತೆಗೆಯುತ್ತೇವೆ. ಪಕ್ಕದಲ್ಲಿ ಮಕ್ಕಳ ಸಹಾಯವಾಣಿ 1098 ದೊಡ್ಡದಾಗಿ ಬರೆಸಿದ್ದೇವೆ. ಮಗುವಿನ ಮೈಮೇಲೆ ಯಾರಾದರೂ ಕೈ ಹಾಕಿದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಅಂತ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. "ಊರಾಗೇ ಮುಗಿಸೋಣ್ರಿ" ಅನ್ನುವ ಮಾತಿಗೆ ನಮ್ಮಲ್ಲಿ ಜಾಗ ಇಲ್ಲ. ಇದನ್ನು ವರ್ಷದ ಮೊದಲ ಪಾಲಕರ ಸಭೆಯಲ್ಲೇ ಎಲ್ಲರ ಮುಂದೆ ಹೇಳಿಬಿಡುತ್ತೇನೆ.