ಸ್ಟೀಲ್ ಡಬ್ಬಿಯೊಳಗಿನ ರೇಟು ಚೀಟಿಗಳು

ಬೆಂಗಳೂರಿನಲ್ಲಿ ಮನೆಯಿಂದಲೇ ಡಿಸೈನ್ ಕೆಲಸ ಮಾಡುತ್ತೇನೆ. ಮುಖಪುಟ, ಅಂಗಡಿ ಬೋರ್ಡು, ಪ್ಯಾಕೆಟ್ಟಿನ ಮೇಲಿನ ಅಕ್ಷರ. ಮೊದಲ ನಾಲ್ಕು ವರ್ಷ ಒಬ್ಬಳೇ. ರೇಟು ಎಷ್ಟು ಅಂತ ಯಾರಾದರೂ ಕೇಳಿದರೆ ಗಂಟಲು ಕಟ್ಟುತ್ತಿತ್ತು. ನಾನು 8,000 ರೂಪಾಯಿಗೆ ಮಾಡಿಕೊಟ್ಟಂಥದ್ದೇ ಕೆಲಸಕ್ಕೆ ಅದೇ ಗಿರಾಕಿ ಒಬ್ಬ ಹುಡುಗನಿಗೆ 20,000 ಕೊಟ್ಟಿದ್ದರು. ಅದನ್ನು ನನಗೆ ಹೇಳಿದ್ದು ನನ್ನ ಹಾಗೇ ಒಂಟಿಯಾಗಿ ದುಡಿಯುತ್ತಿದ್ದ ಇನ್ನೊಬ್ಬ ಡಿಸೈನರ್.

ಆ ಸಿಟ್ಟಿನಲ್ಲೇ ನಾವು ನಾಲ್ಕು ಜನ ನಮ್ಮ ಮನೆಯ ತಾರಸಿಯಲ್ಲಿ ಸೇರಿದೆವು. ನ್ಯೂಯಾರ್ಕಿನಲ್ಲಿ ಡಿಸೈನರ್ ಜೆಸಿಕಾ ವಾಲ್ಶ್ ಶುರು ಮಾಡಿದ 'ಲೇಡೀಸ್, ವೈನ್ ಅಂಡ್ ಡಿಸೈನ್' ಅನ್ನುವ ಹೆಂಗಸರ ಕೂಟದ ಬಗ್ಗೆ ಕೇಳಿದ್ದೆ. ಚಿಕ್ಕ ಗುಂಪಾಗಿ ಕೂತು ಮನಸ್ಸು ಬಿಚ್ಚಿ ಮಾತಾಡುವ ಆ ಕ್ರಮ ಹಿಡಿಸಿತ್ತು. ನಮ್ಮದು ಕಾಫಿ, ಚುರುಮುರಿ. ಒಂದೇ ಕಟ್ಟುಪಾಡು: ಬಂದವರು ಹಿಂದಿನ ಕೆಲಸಕ್ಕೆ ಎಷ್ಟು ಸಿಕ್ಕಿತು ಅಂತ ಚೀಟಿಯಲ್ಲಿ ಬರೆದು ಸ್ಟೀಲ್ ಡಬ್ಬಿಗೆ ಹಾಕಬೇಕು. ಹೆಸರು ಬೇಡ. ಆಮೇಲೆ ಒಂದೊಂದೇ ಓದುವುದು. ಮೊದಲ ದಿನ ಓದುತ್ತಿದ್ದವಳ ದನಿಯೇ ನಡುಗಿತು, ಅಷ್ಟು ವ್ಯತ್ಯಾಸ ಇತ್ತು.

ಕೆಲಸವನ್ನೂ ತಂದು ಹರಡುತ್ತೇವೆ. ಒಮ್ಮೆ ನಾನು 'ಸ್ತ್ರೀ ಆರೋಗ್ಯ ಕೈಪಿಡಿ' ಅಂತ ಎರಡು ಸಾಲಿನ ಮುಖಪುಟ ತೋರಿಸಿದೆ. 'ಸ್ತ್ರೀ'ಯ ಒತ್ತುಗಳು ಕೆಳಗಿನ 'ಕೈ' ತಲೆಗೆ ತಾಗುತ್ತಿದ್ದವು. ಇಂಗ್ಲಿಷ್ ಮುಖಪುಟಕ್ಕೆ ಇಟ್ಟಷ್ಟೇ ಜಾಗ ಸಾಕು ಅಂತ ಗಿರಾಕಿ ಹಟ ಹಿಡಿದಿದ್ದರು. "ಒತ್ತಿಗೆ ಜಾಗ ಬಿಡಲೇಬೇಕು ಕಣೆ. ಕನ್ನಡಕ್ಕೆ ಬೇರೆ ಲೇಔಟ್, ಬೇರೆ ದುಡ್ಡು ಅಂತ ಕೊಟೇಶನ್‌ನಲ್ಲೇ ಬರಿ" ಅಂದಳು ಗೆಳತಿ. ಅಂದಿನಿಂದ ಬರೆಯುತ್ತೇನೆ.

ಎರಡನೇ ವರ್ಷ ಬಂದವರೊಬ್ಬರು ತಾವು ಹೆಣ್ಣೂ ಅಲ್ಲ, ಗಂಡೂ ಅಲ್ಲ ಅಂತ ಹೇಳಿಕೊಂಡರು. ನಾವು ಅಭ್ಯಾಸಬಲದಿಂದ 'ಬಂದ್ಲು', 'ಅಕ್ಕ' ಅನ್ನುತ್ತಲೇ ಇದ್ದೆವು. ಕನ್ನಡದಲ್ಲಿ ಕ್ರಿಯಾಪದವೇ ಗಂಡು ಹೆಣ್ಣು ಹೇಳಿಬಿಡುತ್ತದೆ, ಅಲ್ವಾ? ಅವರಿಗೆ ಅದು ಪ್ರತಿ ಸಲ ಚುಚ್ಚುತ್ತಿತ್ತು. 'ಅವರು ಬಂದರು' ಅಂದರೆ ಸಾಕು ಅಂದರು. ಗೌರವಕ್ಕೆ ದಿನಾ ಬಳಸುವ ಮಾತೇ ಅದು. 'ಹೆಂಗಸರ ಗುಂಪು' ಅನ್ನುವ ಹೆಸರನ್ನೂ ಆವತ್ತೇ ಬಿಟ್ಟೆವು. ಇದನ್ನು ಅವರು ಬಾಯಿಬಿಟ್ಟು ಕೇಳುವ ಮೊದಲೇ ಮಾಡಬೇಕಿತ್ತು.

ವಾಟ್ಸ್ಆ್ಯಪ್ ಗುಂಪು ನಲವತ್ತು ದಾಟಿದಾಗ ಮಾತು ನಿಂತೇ ಹೋಯಿತು. ಬರೀ ಫಾರ್ವರ್ಡ್. ಆರಾರು ಜನರ ಗುಂಪು ಮಾಡಿ ಮತ್ತೆ ಮನೆಗಳಲ್ಲಿ ಸೇರತೊಡಗಿದೆವು. ಸಂಜೆ ಆರರ ಬದಲು ಭಾನುವಾರ ಬೆಳಗ್ಗೆ ಹನ್ನೊಂದು, ಮಕ್ಕಳನ್ನು ಕರೆತರಬಹುದು. ಆಮೇಲೆ ಬರುವವರು ಜಾಸ್ತಿಯಾದರು.

ಹೋದ ತಿಂಗಳು ಈಗಷ್ಟೇ ಓದು ಮುಗಿಸಿದ ಹುಡುಗಿ ಬಂದಿದ್ದಳು. ಇಡೀ ಲೋಗೋ ಕೆಲಸಕ್ಕೆ 3,000 ಅಂತ ಕೊಟೇಶನ್ ಬರೆದಿಟ್ಟುಕೊಂಡಿದ್ದಳು. ಮೂವರು ಅಲ್ಲೇ ಅವಳ ಪಕ್ಕ ಕೂತು ತಿದ್ದಿದರು: ಅರ್ಧ ಮುಂಗಡ, ಎರಡು ಸಲ ಮಾತ್ರ ತಿದ್ದುಪಡಿ, ಒಟ್ಟು 15,000. ಫೋನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ ಕಳಿಸಿದಳು.