ಪದ್ಮಿನಿ ಕ್ಲಬ್ಬಿನ ಸ್ಪೇರ್ ಪಾರ್ಟ್ಸ್ ಕಪಾಟು ನಡೆಸಿದ ನನ್ನ ಅನುಭವ

ನಮ್ಮ ಕ್ಲಬ್ಬಿನಲ್ಲಿ ಸುಮಾರು 90 ಕಾರುಗಳಿವೆ. ಬಹುತೇಕ ಪ್ರೀಮಿಯರ್ ಪದ್ಮಿನಿ, ಒಂದಷ್ಟು ಅದಕ್ಕಿಂತ ಹಳೆಯ ಫಿಯೆಟ್ 1100. ಇಷ್ಟು ಕಾರಿಗೆ ಬೇಕಾದ ಸ್ಪೇರ್ ಪಾರ್ಟ್ಸ್ ಸ್ಟಾಕನ್ನು ಐದಾರು ಜನ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದೇವೆ. ಕಳೆದ ಆರೇಳು ವರ್ಷದಲ್ಲಿ ಸದಸ್ಯರ ಮುಂದೆ ಚಂದಾಕ್ಕೆ ಕೈ ಚಾಚಿಲ್ಲ. ಶುರು ಮಾಡಿದಾಗ ಇದ್ದದ್ದು ಒಂದು ಲಕ್ಷದ ಇಪ್ಪತ್ತು ಸಾವಿರ. ಈಗ ಮಾಲು ಮತ್ತು ನಗದು ಸೇರಿ ಮೂರೂವರೆ ಲಕ್ಷದ ಹತ್ತಿರ ಇದೆ. ‘ಇದು ಒಂದು ವರ್ಷಾನೂ ನಡೆಯಲ್ಲ’ ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬಿಡಿಸಿ ಹೇಳುವ ಬದಲು ಬರೆದಿಡೋಣ ಅನ್ನಿಸಿತು.

ಪಾರ್ಟ್ಸ್ ಸಿಗೋದು ಯಾಕೆ ಕಷ್ಟವಾಯಿತು ಅಂತ ನಿಮಗೆ ಗೊತ್ತೇ ಇದೆ. ಕಾರ್ಖಾನೆ 2000ದ ಆಸುಪಾಸಿನಲ್ಲಿ ಪದ್ಮಿನಿ ನಿಲ್ಲಿಸಿದರೂ ಮುಂಬೈಯ ಕಾಲಿ-ಪೀಲಿ ಟ್ಯಾಕ್ಸಿಗಳು ಓಡುತ್ತಲೇ ಇದ್ದವು. ಅವುಗಳಿಗಾಗಿ ಬುಷ್ಷು, ಗ್ಯಾಸ್ಕೆಟ್ಟು, ಕ್ಲಚ್ ಪ್ಲೇಟು ಮಾಡೋರು ಇದ್ದರು. ನಾವು ಅವರ ಬೆನ್ನಿಗೆ ಬದುಕುತ್ತಿದ್ದೆವು. ಟ್ಯಾಕ್ಸಿ ಕಡಿಮೆಯಾದ ಹಾಗೆ ಮಾಡೋರೂ ಕಡಿಮೆಯಾದರು. 2023ರ ಅಕ್ಟೋಬರ್ ಕೊನೆಗೆ 20 ವರ್ಷದ ಮಿತಿ ಮುಟ್ಟಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು. ಅದಕ್ಕೂ ಎಷ್ಟೋ ಮುಂಚೆ ಬೆಂಗಳೂರಿನ ಜೆ.ಸಿ. ರಸ್ತೆಯ ಪಾರ್ಟ್ಸ್ ಅಂಗಡಿಗಳಲ್ಲಿ ‘ಅದೆಲ್ಲಾ ಬರ್ತಾ ಇಲ್ಲ ಸಾರ್’ ಅನ್ನೋ ಮಾತು ಮಾಮೂಲಿಯಾಗಿತ್ತು. ಹಾಗಾಗಿ ಮಾಡಿಸಬೇಕು, ಇಲ್ಲವೇ ಹಳೇದನ್ನು ರಿಪೇರಿ ಮಾಡಿಸಬೇಕು. ಎರಡಕ್ಕೂ ದುಡ್ಡು ಕೈಯಲ್ಲಿರಬೇಕು.

ಆ ದುಡ್ಡೇ ಮೊದಲು ಕರಗುತ್ತಿತ್ತು. ಹಿಂದಿನ ಸಮಿತಿ ತಂದ ಬೆಲೆಗೇ ಸದಸ್ಯರಿಗೆ ಕೊಡುತ್ತಿತ್ತು. ಕ್ಲಬ್ ಲಾಭ ಮಾಡಬಾರದು ಅನ್ನೋದು ಅವರ ನಿಲುವು. ಲೆಕ್ಕ ನೋಡಿ. ಹಿಂಚಕ್ರದ ಲೀಫ್ ಸ್ಪ್ರಿಂಗಿನ ರಬ್ಬರ್ ಬುಷ್ (ಕೀಲಿನಲ್ಲಿ ಕೂರುವ ರಬ್ಬರ್ ಬಳೆ) 500ರ ಲಾಟ್ ಮಾಡಿಸಿದಾಗ ಒಂದಕ್ಕೆ 38 ರೂಪಾಯಿ ಬಿದ್ದಿತ್ತು. 40ಕ್ಕೆ ಮಾರಿದರು. ಖಾಲಿಯಾಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು, ಕೈಯಲ್ಲಿ 20 ಸಾವಿರ ಇತ್ತು. ಅದೇ ಬುಷ್ಷಿಗೆ ಪೀಣ್ಯದ ರಬ್ಬರ್ ಶೆಡ್ಡಿನವರು ಈಗ 55 ಅಂದರು. 27,500 ಬೇಕು. ಏಳೂವರೆ ಸಾವಿರ ಎಲ್ಲಿಂದ ತರೋದು? 300 ಸಾಕು ಅಂದರೆ ಒಂದಕ್ಕೆ 70 ಕೇಳುತ್ತಾರೆ. ಹೀಗೆ ಒಂದೊಂದು ಲಾಟಿಗೂ ನಿಧಿ ಸವೆದು ಸವೆದು, ಕೊನೆಗೆ ಕಪಾಟಿನಲ್ಲಿ ಯಾರಿಗೂ ಬೇಡದ ಮಾಲು ಮಾತ್ರ ಉಳಿದಿತ್ತು.

ನಾನು ತಂದ ಮೊದಲ ನಿಯಮ ಇದು. ಯಾವ ಭಾಗವನ್ನೂ ತಂದ ಬೆಲೆಗೆ ಮಾರಬಾರದು, ಮತ್ತೆ ತರಿಸುವ ಬೆಲೆಗೆ ಮಾರಬೇಕು. ಇವತ್ತು ಅದೇ ಲಾಟ್ ಮಾಡಿಸಿದರೆ ಎಷ್ಟಾಗುತ್ತದೋ ಅದು, ಅದರ ಮೇಲೆ ಶೇ 15. ಆ 15ರಲ್ಲಿ ಒಡೆದದ್ದು, ಹಾಳಾದದ್ದು, ಡೈ (ಅಚ್ಚು) ಖರ್ಚು, ಮಾರಾಟವಾಗದೆ ಕೂತದ್ದು ಎಲ್ಲಾ ಸೇರಿತು. ಆರು ತಿಂಗಳಿಗೊಮ್ಮೆ ನಾಲ್ಕೈದು ಕಡೆ ಫೋನ್ ಮಾಡಿ ರೇಟ್ ಕೇಳಿ ಪಟ್ಟಿ ತಿದ್ದುತ್ತೇವೆ. ಹಳೆಯ ಸ್ಟಾಕ್ ಇದ್ದರೂ ಹೊಸ ಬೆಲೆಯೇ.

ವಾರ್ಷಿಕ ಸಭೆಯಲ್ಲಿ ಗಲಾಟೆಯಾಯಿತು. ‘ಕ್ಲಬ್ ಅಂತ ಮಾಡ್ಕೊಂಡು ನಮ್ಮ ಹತ್ರಾನೇ ವ್ಯಾಪಾರ ಮಾಡ್ತೀರಾ?’ ಅಂತ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. ‘ಸಾರ್, ನಿಮಗೆ ಕೊಟ್ಟ ಬುಷ್ಷಿನ ಜಾಗಕ್ಕೆ ಇನ್ನೊಂದು ಬಂದು ಕೂರಬೇಕಲ್ವಾ? ಅದರ ದುಡ್ಡನ್ನ ಮಾತ್ರ ತಗೊಳ್ತಿದ್ದೀವಿ’ ಅಂದೆ. ಅವರಿಗೆ ಸಮಾಧಾನವಾಗಲಿಲ್ಲ. ಒಂದು ವರ್ಷ ನೋಡೋಣ ಅಂತ ಖಜಾಂಚಿ ನನ್ನ ಪರ ನಿಂತರು. ವರ್ಷದ ಕೊನೆಗೆ ಬುಷ್ಷಿನ ಎರಡನೇ ಲಾಟ್ ಬಂತು, ಯಾರ ಹತ್ತಿರವೂ ಸಾಲ ಮಾಡಲಿಲ್ಲ. ಆ ಹಿರಿಯರೇ ಮೊದಲು ಬಂದು ಒಂದು ಸೆಟ್ ತಗೊಂಡು ಹೋದರು. ನಮ್ಮ ಬೆಲೆ ಆಗ 63. ಹೊರಗೆ ಹುಡುಕಿದರೆ 90ಕ್ಕೆ ಕಡಿಮೆ ಇರಲಿಲ್ಲ, ಅದೂ ಗಟ್ಟಿ ಪ್ಲಾಸ್ಟಿಕ್ಕಿನ ಹಾಗಿರೋ ಮಾಲು.

ದೊಡ್ಡ ಲಾಟಿಗೆ ಇನ್ನೊಂದು ಕಟ್ಟುಪಾಡಿದೆ. ಅರ್ಧ ದುಡ್ಡು ಮುಂಗಡ ಬಂದರೆ ಮಾತ್ರ ಆರ್ಡರ್. ಡೋರ್ ಬೀಡಿಂಗ್ (ಬಾಗಿಲಂಚಿನ ರಬ್ಬರ್ ಪಟ್ಟಿ) ಮಾಡಿಸೋಣ್ವಾ ಅಂದಾಗ ಒಮ್ಮೆ ನಲವತ್ತು ಜನ ಕೈ ಎತ್ತಿದ್ದರು. ಮಾಲು ಬಂದಾಗ ತಗೊಂಡವರು ಹನ್ನೆರಡೋ ಹದಿಮೂರೋ ಜನ. ಸುಮಾರು 30 ಸಾವಿರ ಎರಡು ವರ್ಷ ಸುರುಳಿ ಸುತ್ತಿ ಅಟ್ಟದ ಮೇಲೆ ಕೂತಿತ್ತು. ಕೈ ಎತ್ತೋದಕ್ಕೆ ಖರ್ಚಿಲ್ಲ ನೋಡಿ. ಈಗ ಮುಂಗಡ ಹಾಕಿದವರಿಗೆ ಮೇಲಿನ ಆ ಶೇ 15 ಬಿಟ್ಟು ಕೊಡುತ್ತೇವೆ. ಆಮೇಲೆ ಬಂದವರು ಪೂರ್ತಿ ಕೊಡುತ್ತಾರೆ.

ಎರಡನೇ ನಿಯಮಕ್ಕೆ ಇನ್ನೂ ಜಾಸ್ತಿ ವಿರೋಧ ಬಂತು: ಹಳೇದು ತಂದರೆ ಮಾತ್ರ ಹೊಸದು. ವಾಟರ್ ಪಂಪ್, ವ್ಹೀಲ್ ಸಿಲಿಂಡರ್ (ಚಕ್ರದ ಬ್ರೇಕನ್ನು ಒತ್ತುವ ಭಾಗ), ಕ್ಲಚ್ ಪ್ಲೇಟ್, ಡಿಸ್ಟ್ರಿಬ್ಯೂಟರ್ ಇಂಥವಕ್ಕೆ. ಕಾರು ಜಾಕಿ ಮೇಲಿದೆ, ಹಳೇದು ಇನ್ನೂ ಬಿಚ್ಚಿಲ್ಲ ಅಂದರೆ ಠೇವಣಿ ಇಟ್ಟು ತಗೊಂಡು ಹೋಗಬಹುದು. ವಾಟರ್ ಪಂಪಿಗೆ 600. ತಿಂಗಳೊಳಗೆ ಹಳೇದು ಬಂದರೆ ಠೇವಣಿ ವಾಪಸ್. ‘ಆ ತುಕ್ಕು ಹಿಡಿದ ಕಬ್ಬಿಣ ನಿಮಗ್ಯಾಕೆ?’ ಅಂತ ಕೇಳಿದವರೇ ಎಲ್ಲರೂ. ಯಾಕೆ ಅಂದರೆ ಹತ್ತು ಹಳೆಯ ಪಂಪಿನಲ್ಲಿ ಆರೇಳು ಬಾಡಿ ಚೆನ್ನಾಗಿರುತ್ತವೆ. ಬೇರಿಂಗು, ಸೀಲು ಬದಲಾಯಿಸಿ, ಮುಖ ಲೇತಿನಲ್ಲಿ ಸವರಿಸಿದರೆ ಹೊಸದರ ಅರ್ಧ ಬೆಲೆಗೆ ಪಂಪ್ ರೆಡಿ. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಅಲ್ವಾ, ಹಾಗಾಗಿ ವ್ಹೀಲ್ ಸಿಲಿಂಡರ್ ಬೇಡಿಕೆ ನಿಲ್ಲೋದೇ ಇಲ್ಲ. ಒಳಗೆ ಗುಳಿ ಬಿದ್ದದ್ದಕ್ಕೆ ಸ್ಟೇನ್‌ಲೆಸ್ ಸ್ಲೀವ್ ಹಾಕಿಸುತ್ತೇವೆ. ಹಾಕಿದ ಮೇಲೆ ಬೋರ್ (ಒಳರಂಧ್ರ) ಅಳತೆ ಒಂದು ಕೂದಲೆಳೆ ಜಾಸ್ತಿಯಾದರೂ ಆ ಸಿಲಿಂಡರ್ ಗುಜರಿಗೆ. ಸ್ಲೀವನ್ನು ಎಷ್ಟು ಬಿಗಿಯಲ್ಲಿ, ಏನು ಹಚ್ಚಿ ಕೂರಿಸುತ್ತೇವೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ನಮ್ಮ ಲೇತಿನವರು ಅದನ್ನು ಪಳಗಿಸಲು ಬಹಳ ಸಮಯ ಕೊಟ್ಟಿದ್ದಾರೆ, ಅದು ಅವರ ಅನ್ನ.

ಬ್ರೇಕ್ ರಬ್ಬರನ್ನು ಮಾತ್ರ ನಾವು ಮಾಡಿಸೋದಿಲ್ಲ, ಎಷ್ಟೇ ಅಗ್ಗವಾದರೂ. ಕಂಪನಿಯ ಹೆಸರು, ತಯಾರಾದ ತಿಂಗಳು ಇರೋ ಪ್ಯಾಕೆಟ್ ಮಾತ್ರ ಕಪಾಟಿಗೆ ಬರುತ್ತದೆ. ಅವಧಿ ಮೀರಿದ ಕಪ್ ಕಿಟ್ (ವ್ಹೀಲ್ ಸಿಲಿಂಡರಿನೊಳಗಿನ ರಬ್ಬರ್ ಕಪ್ಪುಗಳ ಸೆಟ್) ಸಿಕ್ಕಿದರೆ ಇಬ್ಬರ ಎದುರಿಗೆ ಕತ್ತರಿಯಿಂದ ಒಂದೊಂದು ಕಪ್ಪನ್ನೂ ಎರಡು ತುಂಡು ಮಾಡಿ ಆಮೇಲೆ ಎಸೆಯುತ್ತೇವೆ. ಸುಮ್ನೆ ಬುಟ್ಟಿಗೆ ಹಾಕಿದರೆ ‘ನೋಡೋಕೆ ಚೆನ್ನಾಗಿದೆಯಲ್ಲ’ ಅಂತ ಯಾರಾದರೂ ಎತ್ತಿಕೊಳ್ಳುತ್ತಾರೆ. ಕಿಟ್ ಕೊಡುವಾಗ ಪೆಟ್ರೋಲು, ಡೀಸೆಲ್ಲು, ಗ್ರೀಸು ಮುಟ್ಟಿಸಬೇಡಿ, ಬ್ರೇಕ್ ಆಯಿಲ್ಲಿನಲ್ಲೇ ತೊಳೆಯಿರಿ ಅಂತ ಚೀಟಿ ಅಂಟಿಸುತ್ತೇವೆ. ಅದನ್ನು ಓದದೆ ಪೆಟ್ರೋಲಿನಲ್ಲಿ ತೊಳೆದು, ಕಪ್ ಊದಿಕೊಂಡು, ಬ್ರೇಕ್ ಹಿಡಿದುಕೊಂಡಿತು ಅಂತ ಬಂದವರಿಗೆ ದುಡ್ಡು ವಾಪಸ್ ಕೊಡೋದಿಲ್ಲ.

ಇನ್ನು ಎಣಿಕೆ. ಒಬ್ಬ ಹುಡುಗ ಬಹಳ ಆಸೆಯಿಂದ ಮೊಬೈಲ್ ಆ್ಯಪ್ ಮಾಡಿಕೊಟ್ಟ. ಒಳ್ಳೆಯ ಕೆಲಸವೇ. ಆದರೆ ಕೈಯೆಲ್ಲಾ ಗ್ರೀಸ್ ಇರುವಾಗ, ಭಾನುವಾರ ಸಂಜೆ, ಕತ್ತಲಾಗುವ ಮುಂಚೆ ಕಾರು ಮುಗಿಸಬೇಕು ಅನ್ನೋ ಅವಸರದಲ್ಲಿ ಯಾರೂ ಮೊಬೈಲ್ ತೆಗೆಯೋದಿಲ್ಲ. ಎರಡೇ ತಿಂಗಳಲ್ಲಿ ಆ್ಯಪ್ ಒಂದು ಹೇಳುತ್ತಿತ್ತು, ಕಪಾಟು ಇನ್ನೊಂದು ಹೇಳುತ್ತಿತ್ತು. ಬದಲಿಗೆ ಎಣಿಸೋದನ್ನೇ ಬಿಟ್ಟೆವು. ಪ್ರತಿ ಡಬ್ಬಿಯಲ್ಲೂ ಕೊನೆಯ ಕೆಲವು ಪೀಸ್‌ಗಳನ್ನು ಬೇರೆ ಕವರಿನಲ್ಲಿ ಹಾಕಿ ಸೀಲ್ ಮಾಡಿದ್ದೇವೆ. ಅದರ ಮೇಲೆ ಕೆಂಪು ಚೀಟಿ. ‘ಡಬ್ಬಿ 14. ವಾಟರ್ ಪಂಪ್ ಸೀಲ್. ಕೊನೆಯ 4. ಕವರ್ ಒಡೆದವರು ಈ ಚೀಟಿಯನ್ನು ಬಾಗಿಲ ಮೊಳೆಗೆ ಸಿಕ್ಕಿಸಿ.’ ಅಷ್ಟೇ. ತಿಂಗಳಿಗೊಮ್ಮೆ ನಾನು ಮೊಳೆಯಿಂದ ಚೀಟಿ ತೆಗೆದು ಆರ್ಡರ್ ಹಾಕುತ್ತೇನೆ. ಕವರಿನಲ್ಲಿ ಎಷ್ಟು ಇಡಬೇಕು ಅನ್ನೋದೇ ಇದರಲ್ಲಿ ಮುಖ್ಯ. ಮಾಲು ಬರೋದಕ್ಕೆ ಎರಡು ತಿಂಗಳು ಬೇಕಾದರೆ ನಾನು ನಾಲ್ಕು ತಿಂಗಳಿನಷ್ಟು ಇಡುತ್ತೇನೆ. ಎಂಜಿನ್ನಿನ ಕಿಡಿಗೆ ಬೇಕಾದ ಸಿಬಿ ಪಾಯಿಂಟು, ಕಂಡೆನ್ಸರಿಗೆ ಅದಕ್ಕಿಂತ ಜಾಸ್ತಿ. ಈಗ ಬರೋ ಕಂಡೆನ್ಸರಿನಲ್ಲಿ ಐದಕ್ಕೆ ಒಂದು ಕೆಟ್ಟದ್ದೇ ಇರುತ್ತದೆ.

ಸ್ಟಾಕ್ ಒಂದೇ ಕಡೆ ಇಲ್ಲ. ಮೂರು ಮನೆಯಲ್ಲಿ ಹಂಚಿದ್ದೇವೆ. ರಬ್ಬರ್ ಎಲ್ಲಾ ಒಬ್ಬರ ನೆಲಮಾಳಿಗೆಯಲ್ಲಿ, ಅಲ್ಲಿ ತಂಪು, ಬಿಸಿಲು ಬೀಳೋದಿಲ್ಲ. ಮೊದಲು ಅದು ವೆಲ್ಡಿಂಗ್ ಮಾಡೋ ಗ್ಯಾರೇಜಿನ ಮೂಲೆಯಲ್ಲಿತ್ತು. ಆರ್ಕ್ ವೆಲ್ಡಿಂಗಿನಿಂದ ಓಜೋನ್ ಹುಟ್ಟುತ್ತದೆ, ಅದು ರಬ್ಬರನ್ನು ಸೀಳುತ್ತದೆ. ಎಂಜಿನ್ ಮೌಂಟಿಂಗ್ ಒಂದು ಪೆಟ್ಟಿಗೆಯಷ್ಟು, ಒಂದೂ ಬಳಸದೆ, ಬಿಸಿಲಿಗೆ ಒಡೆದ ಕೆರೆಯ ಮಣ್ಣಿನ ಹಾಗೆ ಬಿರುಕು ಬಿಟ್ಟಿತ್ತು. ಹೆಡ್ ಗ್ಯಾಸ್ಕೆಟ್ ಹಲಗೆಯ ಮೇಲೆ ಮಲಗಿಸಿ, ವಿಂಡ್‌ಶೀಲ್ಡ್ ಗಾಜು ನಿಲ್ಲಿಸಿ. ಇದೆಲ್ಲಾ ನಿಮಗೆ ಗೊತ್ತಿರೋದೇ.

ದಾನವಾಗಿ ಬಂದ ಮಾಲಿನ ಬಗ್ಗೆ ಒಂದು ಮಾತು. ಡೋರು, ಬಂಪರು, ಸೀಟು, ಬಾನೆಟ್ಟು ತಂದು ‘ಕ್ಲಬ್ಬಿಗೆ ಇರಲಿ’ ಅನ್ನುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ, ಆದರೆ ಜಾಗ ತಿನ್ನೋದು ಅದೇ. ಈಗ ನಾವು ತಗೊಳ್ಳೋದಿಲ್ಲ. ಯಾರ ಮನೆಯಲ್ಲಿ ಏನಿದೆ ಅಂತ ಪಟ್ಟಿ ಮಾತ್ರ ಇಟ್ಟಿದ್ದೇವೆ. ಬೇಕಾದವರು ಅವರಿಗೇ ಫೋನ್ ಮಾಡುತ್ತಾರೆ. ನಮ್ಮ ಸ್ಟಾಕಿನಲ್ಲೇ ಮೂರು ವರ್ಷ ಯಾರೂ ಕೇಳದ ಭಾಗವನ್ನು ವಾರ್ಷಿಕ ಸಭೆಯಲ್ಲಿ ಹರಾಜು ಹಾಕುತ್ತೇವೆ. ಮೊದಲ ಹರಾಜಿನಲ್ಲಿ 18 ಸಾವಿರದ ಹತ್ತಿರ ಬಂತು. ಸತ್ತ ದುಡ್ಡು ಎದ್ದು ಬಂದ ಹಾಗಾಯಿತು.

ತೆರಿಗೆಯ ವಿಷಯ ಎಚ್ಚರ. ಬರೀ ಸರಕು ಮಾರೋರಿಗೆ ಕರ್ನಾಟಕದಲ್ಲಿ ವಹಿವಾಟು 40 ಲಕ್ಷ ದಾಟೋವರೆಗೆ ಜಿಎಸ್‌ಟಿ ನೋಂದಣಿ ಬೇಡ. ನಮ್ಮದು ಅದರ ಹತ್ತಿರವೂ ಇಲ್ಲ. ಆದರೆ ಹೊರರಾಜ್ಯಕ್ಕೆ ಸರಕು ಮಾರಿದರೆ ಆ ಮಿತಿ ಲೆಕ್ಕಕ್ಕೇ ಬರೋದಿಲ್ಲ, ನೋಂದಣಿ ಬೇಕೇಬೇಕು. ಹಾಗಾಗಿ ಚೆನ್ನೈ, ಪುಣೆಯ ಗೆಳೆಯರು ಕೇಳಿದಾಗ ನಾವು ಮಾರೋದಿಲ್ಲ. ತಯಾರಕರಿಗೆ ಒಂದೇ ಲಾಟ್ ಹೇಳಿ, ಅವರ ಪಾಲಿನ ಬಿಲ್ ಅವರ ಹೆಸರಿಗೇ ನೇರ ಮಾಡಿಸುತ್ತೇವೆ. ಲಾಟ್ ದೊಡ್ಡದಾಗಿ ನಮಗೂ ಬೆಲೆ ಇಳಿಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ವಾಹನ ಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗ ಅದೇ ವಾರ ನಮ್ಮ ಪಟ್ಟಿಯನ್ನೂ ಇಳಿಸಿದೆವು. ಮತ್ತೆ ತರಿಸುವ ಬೆಲೆ ಅನ್ನೋ ನಿಯಮ ಎರಡೂ ಕಡೆ ಕೆಲಸ ಮಾಡುತ್ತದೆ ಅಂತ ಸದಸ್ಯರಿಗೆ ಅವತ್ತು ಪೂರ್ತಿ ನಂಬಿಕೆ ಬಂತು.

ನಡುವೆ ಒಂದೆರಡು ಪ್ರಯೋಗವನ್ನೂ ಮಾಡಿದೆ. ಕಿಟಕಿ ಹ್ಯಾಂಡಲ್ಲಿನ ಗುಬುಟನ್ನು ತ್ರೀಡಿ ಪ್ರಿಂಟ್ ಮಾಡಿಸಿದೆವು. ಪಿಎಲ್ಎ ಪ್ಲಾಸ್ಟಿಕ್ಕಿನದು ಏಪ್ರಿಲ್ ಬಿಸಿಲಿಗೆ ಮುಚ್ಚಿದ ಕಾರಿನೊಳಗೆ ಮೆತ್ತಗಾಗಿ ಸೊಟ್ಟಗಾಯಿತು. ಇನ್ನೊಂದು ಪ್ಲಾಸ್ಟಿಕ್ಕಾದ ಎಬಿಎಸ್‌ನದು ಎರಡು ಬೇಸಿಗೆ ಕಳೆದು ಗಟ್ಟಿಯಾಗಿದೆ. ಈಗ ಅಚ್ಚು ಹಾಕಿಸದೆ, ಬೇಕಾದಾಗ ಹತ್ತು ಹತ್ತು ಮಾಡಿಸುತ್ತೇವೆ. ಒಂದಕ್ಕೆ 70 ಬೀಳುತ್ತದೆ.

ಇನ್ನೊಂದು ಪ್ರಯೋಗ ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿನದು. ಬಂಕಿನಲ್ಲಿ ಬೇರೆ ಸಿಗೋದು ಕಷ್ಟವಾದ ಮೇಲೆ ಪೆಟ್ರೋಲ್ ಹೋಸ್, ಫ್ಯುಯೆಲ್ ಪಂಪ್ ಡಯಾಫ್ರಾಮ್ (ಪಂಪಿನೊಳಗೆ ಬಾಗುವ ತೆಳು ಹಾಳೆ) ಕೇಳೋರು ಒಮ್ಮೆಲೇ ಹೆಚ್ಚಾದರು. ಗಾಜಿನ ಬಾಟಲಿಗಳಲ್ಲಿ ಇ20 ತುಂಬಿ, ಬೇರೆ ಬೇರೆ ಹೋಸಿನ ತುಂಡು ಹಾಕಿ, ಬಾಟಲಿಗೊಂದು ಹೆಸರು ಅಂಟಿಸಿ ಮೂರ್ನಾಲ್ಕು ತಿಂಗಳು ಇಟ್ಟೆ. ಹೆಸರಿಲ್ಲದ ಕಪ್ಪು ಹೋಸ್ ಊದಿ, ಒಳಗೆ ಅಂಟಂಟಾಗಿ, ಪೆಟ್ರೋಲಿನ ಬಣ್ಣವನ್ನೇ ಬದಲಾಯಿಸಿತು. ಎಸ್ಎಇ 30ಆರ್9 ಅಂತ ಪೆಟ್ರೋಲ್ ಹೋಸಿನ ಗುಣಮಟ್ಟದ ಗುರುತು ಮೈಮೇಲೆ ಅಚ್ಚಾಗಿರೋದು ಹಾಕಿದ ಹಾಗೇ ಇತ್ತು. ಮೀಟರಿಗೆ ಮೂರು ಪಟ್ಟು ಬೆಲೆ. ನಾವು ಈಗ ಅದೊಂದನ್ನೇ ಇಡುತ್ತೇವೆ, ಅಗ್ಗದ್ದು ಬೇಕು ಅಂದವರಿಗೆ ಇಲ್ಲ ಅನ್ನುತ್ತೇವೆ. ಬಿಸಿ ಎಂಜಿನ್ ಪಕ್ಕ ಪೆಟ್ರೋಲ್ ಸೋರೋ ವಿಷಯ ಅದು.

ಡಯಾಫ್ರಾಮಿಗೆ ಬಟ್ಟೆಯ ಮೇಲೆ ವೈಟಾನ್ (ಪೆಟ್ರೋಲಿಗೆ ತಡೆಯುವ ರಬ್ಬರ್) ಲೇಪಿಸಿದ ಹಾಳೆ ಸಿಕ್ಕಿದೆ. ಎಲ್ಲಿಂದ ಅಂತ ಲಾಟ್ ಮುಗಿಯೋವರೆಗೆ ಹೇಳೋದಿಲ್ಲ. ಮೊದಲ ಆರು ಪೀಸ್ ನಮ್ಮವರ ಕಾರಿನಲ್ಲೇ ಓಡುತ್ತಿವೆ, ನನ್ನದು ಬೆಂಗಳೂರು-ಮೈಸೂರು ಹಲವು ಸಲ ಹೋಗಿ ಬಂದಿದೆ. 200ರ ಲಾಟ್ ಆದರೆ ಒಂದಕ್ಕೆ 210ರ ಆಸುಪಾಸು, 100 ಆದರೆ 300 ದಾಟುತ್ತದೆ. ಇಲ್ಲಿಯವರೆಗೆ 130ಕ್ಕೆ ಮುಂಗಡ ಬಂದಿದೆ. ಬೇರೆ ಊರಿನವರು ಸೇರಿಕೊಳ್ಳೋದಾದರೆ ಹಳೆಯ ಡಯಾಫ್ರಾಮನ್ನು ಬಿಳಿ ಹಾಳೆಯ ಮೇಲಿಟ್ಟು ಪೆನ್ಸಿಲ್ಲಿನಿಂದ ಗೀಚಿ, ಸ್ಕ್ರೂ ರಂಧ್ರಗಳನ್ನೂ ಗುರುತು ಮಾಡಿ ಕಳಿಸಿ. ಬರೀ ಫೋಟೋ ಕಳಿಸಿದರೆ ಅಳತೆ ಸಿಗೋದಿಲ್ಲ.